ಒಂದೇ ಕುರ್ಚಿ, ನಲವತ್ತು ವಿದ್ಯಾರ್ಥಿಗಳು

ರಾಯಚೂರು ಜಿಲ್ಲೆಯಲ್ಲಿ ಸದ್ಯ ಅತಿ ಹೆಚ್ಚು ಓದಿಕೊಂಡವನು ಯಾರೆಂದರೆ, ಬಸ್‌ಸ್ಟ್ಯಾಂಡ್ ಪಕ್ಕದ ಆನ್‌ಲೈನ್ ಸೆಂಟರಿನ ಹುಡುಗ. ಹತ್ತನೇ ತರಗತಿಯ ಸಮಾಜ ವಿಜ್ಞಾನದ ವಿಡಿಯೊ ಪಾಠಗಳನ್ನು ಈ ವರ್ಷ ಅವನು ನಲವತ್ತು ಸಲ ನೋಡಿ ಮುಗಿಸಿದ್ದಾನೆ. ನೋಡಿದ್ದಾನೆ ಅನ್ನುವುದು ಸ್ವಲ್ಪ ದೊಡ್ಡ ಮಾತಾಯಿತು. ಸದ್ದಡಗಿಸಿ ಓಡಲು ಬಿಟ್ಟು, ಇನ್ನೊಂದು ಕಿಟಕಿಯಲ್ಲಿ ಯಾರಿಗೋ ಪಹಣಿ ತೆಗೆದುಕೊಡುತ್ತ ಕೂತಿದ್ದಾನೆ. ಕಂಪ್ಯೂಟರಿಗೆ ಅದೆಲ್ಲಿ ತಿಳಿಯಬೇಕು? ನಲವತ್ತು ಮಂದಿ ಶ್ರದ್ಧೆಯಿಂದ ಕಲಿತರೆಂದು ಅದು ಬೆಂಗಳೂರಿಗೆ ವರದಿ ಒಪ್ಪಿಸಿದೆ.

ಆಗಿದ್ದಿಷ್ಟು. ಶಾಲೆ ಬಿಟ್ಟವರನ್ನು ದೂರ ಶಿಕ್ಷಣದಲ್ಲಿ ಹತ್ತನೇ ತರಗತಿ ಪಾಸು ಮಾಡಿಸುವ ವ್ಯವಸ್ಥೆಯೊಂದನ್ನು ಆನ್‌ಲೈನ್ ಮಾಡಿದ್ದಾರೆ. ಯಾವ ಕೇಂದ್ರ, ಯಾವ ಊರು ಎಂದು ಕೇಳಬೇಡಿ. ಹೆಸರು ಹೇಳಿದರೆ ನಾಳೆಯೇ ಅಲ್ಲಿಗೆ ಇನ್ನೊಂದು ತರಬೇತಿ ಶಿಬಿರ ಬಂದಿಳಿಯುತ್ತದೆ. ಇರುವ ಕಷ್ಟವೇ ಸಾಕು.

1989ರಲ್ಲಿ ದೇಶಕ್ಕೊಂದು ರಾಷ್ಟ್ರೀಯ ಮುಕ್ತ ಶಾಲೆ ಬಂದಾಗ ಲೆಕ್ಕ ಸರಳವಿತ್ತು. ಬೆಳಿಗ್ಗೆ ಹತ್ತಕ್ಕೆ ಬೆಂಚಿನ ಮೇಲೆ ಕೂರಲು ಆಗದವರ ಹತ್ತಿರ ಅಚ್ಚಾದ ಪುಸ್ತಕವೇ ಹೋಗಬೇಕು, ನಡುನಡುವೆ ಸಂಪರ್ಕ ತರಗತಿಯಲ್ಲಿ ಒಬ್ಬ ಮೇಷ್ಟ್ರು ಸಿಗಬೇಕು. ಇವತ್ತಿಗೂ ಅಲ್ಲಿ ಒಮ್ಮೆ ಹೆಸರು ನೋಂದಾಯಿಸಿದರೆ ಐದು ವರ್ಷದಲ್ಲಿ ಒಂಬತ್ತು ಸಲ ಪರೀಕ್ಷೆಗೆ ಕೂರಬಹುದು. ಹತ್ತಿ ಬಿಡಿಸುವ ಹುಡುಗಿ ಮಧ್ಯಾಹ್ನ ರೊಟ್ಟಿ ತಿಂದು ಬದುವಿನ ಮೇಲೆ ಕೂತು ಎರಡು ಪುಟ ಓದಬಹುದಿತ್ತು. ಪುಸ್ತಕಕ್ಕೆ ಚಾರ್ಜು ಬೇಡ, ಟವರ್ ಬೇಡ, ರೀಚಾರ್ಜ್ ಅಂತೂ ಬೇಡವೇ ಬೇಡ. ಇಂಥ ಹಿಂದುಳಿದ ವಸ್ತುವನ್ನು ಎಷ್ಟು ದಿನ ಅಂತ ಸಹಿಸುವುದು?

ಈಗ ನೋಡಿ, ಒಂದು ಪಾಠ ತೆರೆಯುವುದು ಎಂಥ ಸಾಮೂಹಿಕ ಕಾರ್ಯವಾಗಿದೆ. ದೇವದುರ್ಗದ ಕಡೆಯ ಒಬ್ಬ ಹೆಣ್ಣುಮಗಳು ಎಂಟನೇ ತರಗತಿಗೆ ಶಾಲೆ ಬಿಟ್ಟವಳು, ಈಗ ಎರಡು ಮಕ್ಕಳ ತಾಯಿ. ಕೂಲಿ ಬಿಟ್ಟು, ಟಂಟಂ ಹತ್ತಿ, ಸೆಂಟರಿನ ಸ್ಟೂಲಿನ ಮೇಲೆ ಬಂದು ಕೂತಿದ್ದಾಳೆ. ಲಾಗಿನ್ ಆಗಲು ಓಟಿಪಿ ಬೇಕು. ಮನೆಗಿರುವುದು ಒಂದೇ ಫೋನು. ಅದು ಗುಳೆ ಹೋದ ಗಂಡನ ಜೊತೆ ಬೆಂಗಳೂರಿನ ಯಾವುದೋ ಅಪಾರ್ಟ್‌ಮೆಂಟಿನ ಹನ್ನೊಂದನೇ ಮಹಡಿಯಲ್ಲಿದೆ. ಆಪರೇಟರನ ಫೋನಿನಿಂದಲೇ ಕರೆ ಹೋಯಿತು.

“ಏನ್ರೀ, ನಂಬರ್ ಬಂದದೇನ್ ನೋಡ್ರಿ.”

“ಕೈಯೆಲ್ಲಾ ಸಿಮೆಂಟ್ ಆಗ್ಯಾದ, ತಡಿ.”

ಕೈ ತೊಳೆದುಕೊಂಡು ಬಂದ ಪುಣ್ಯಾತ್ಮನಿಗೆ ಓದಲು ಬಾರದು. ಪಕ್ಕದಲ್ಲಿ ಕಂಬಿ ಕಟ್ಟುತ್ತಿದ್ದ ಬಿಹಾರದ ಹುಡುಗನ ಕೈಗೆ ಫೋನು ಕೊಟ್ಟ. ಅವನು “ಚಾರ್, ಸಾತ್, ದೋ” ಎಂದು ಹಿಂದಿಯಲ್ಲಿ ಶುರು ಹಚ್ಚಿಕೊಂಡ. ಇವಳಿಗೆ ಹಿಂದಿ ತಿಳಿಯದು. ಆಪರೇಟರ್ ಫೋನು ಕಸಿದುಕೊಂಡು ಒತ್ತುವಷ್ಟರಲ್ಲಿ ಓಟಿಪಿಯ ಆಯುಷ್ಯ ಮುಗಿದಿತ್ತು. ಎರಡನೇ ಸಲ ಬಾಗಿಲು ತೆರೆಯಿತು. ಎರಡು ರಾಜ್ಯಗಳು ಕೈಜೋಡಿಸಿ ರಾಷ್ಟ್ರೀಯ ಭಾವೈಕ್ಯದ ಪಾಠವನ್ನೇ ತೆರೆದವೋ ಏನೋ, ನೋಡಲಾಗಲಿಲ್ಲ. ಅಷ್ಟರಲ್ಲಿ ಕರೆಂಟ್ ಹೋಯಿತು. 1,720 ಮೆಗಾವಾಟ್ ಸಾಮರ್ಥ್ಯದ ಶಾಖೋತ್ಪನ್ನ ಕೇಂದ್ರ ನಮ್ಮ ಜಿಲ್ಲೆಯ ಶಕ್ತಿನಗರದಲ್ಲೇ ಇರುವುದು. ಬೂದಿ ಮಾತ್ರ ನಮಗೆ ತಪ್ಪದೆ ಸಿಗುತ್ತದೆ.

ಇದಾದ ಮೇಲೆ ಆಪರೇಟರನೇ ದಾರಿ ಹುಡುಕಿದ. ಒಂದು ಲಾಂಗ್ ಬುಕ್ಕಿನಲ್ಲಿ ಎಲ್ಲರ ಹೆಸರು, ನೋಂದಣಿ ಸಂಖ್ಯೆ ಬರೆದುಕೊಂಡ. ಪಾಸ್‌ವರ್ಡ್ ಎಲ್ಲರಿಗೂ ಒಂದೇ. ಮೊಬೈಲ್ ನಂಬರ್ ಇರಬೇಕಾದ ಕಡೆ ತನ್ನದೇ ನಂಬರ್ ಹಾಕಿದ. ಪಾಠ ನೋಡಿಕೊಡಲು ಇಷ್ಟು, ಅಸೈನ್‌ಮೆಂಟ್ ಏರಿಸಿಕೊಡಲು ಇಷ್ಟು ಎಂದು ಗೋಡೆಗೆ ದರಪಟ್ಟಿ ಅಂಟಿಸಿದ. ಪಾನ್ ಕಾರ್ಡ್ ತಿದ್ದುಪಡಿ ಮತ್ತು ಬೆಳೆ ವಿಮೆಯ ನಡುವೆ ಈಗ ಹತ್ತನೇ ತರಗತಿಯೂ ಒಂದು ಸಾಲಿನಲ್ಲಿದೆ.

ಅಸೈನ್‌ಮೆಂಟಿನದ್ದು ಬೇರೆಯೇ ಕಥೆ. ಉತ್ತರವನ್ನು ಕೈಯಲ್ಲೇ ಬರೆಯಬೇಕು. ಬರೆದದ್ದನ್ನು ಫೋಟೊ ಹೊಡೆದು, ಪಿಡಿಎಫ್ ಮಾಡಿ, ಹೇಳಿದ ಅಳತೆಗೆ ಕುಗ್ಗಿಸಬೇಕು. ಕುಗ್ಗಿಸಿ ಕುಗ್ಗಿಸಿ ಅಕ್ಷರಗಳು ಇರುವೆ ಸಾಲಾದಾಗ ಮಾತ್ರ ವೆಬ್‌ಸೈಟ್ ಒಪ್ಪಿಕೊಳ್ಳುತ್ತದೆ. ಆಮೇಲೆ ಕೇಂದ್ರದ ಮೇಷ್ಟ್ರು, ಪರದೆಯ ಮೇಲೆ ಕಾಣುವುದಿಲ್ಲವೆಂದು, ಅದನ್ನು ಪ್ರಿಂಟ್ ತೆಗೆಸಲು ಬರುವುದೂ ಇದೇ ಸೆಂಟರಿಗೆ. ಹೋಗುವಾಗ ಒಂದು ರೇಟು, ಬರುವಾಗ ಒಂದು ರೇಟು.

ನಮ್ಮವರಿಗೆ ತಂತ್ರಜ್ಞಾನ ಹೊಸದು, ರೂಢಿಯಾಗಲು ಸಮಯ ಬೇಕು ಎನ್ನುತ್ತಾರೆ ಬೆಂಗಳೂರಿನಿಂದ ಬರುವ ಸಂಪನ್ಮೂಲ ವ್ಯಕ್ತಿಗಳು. ಸ್ವಾಮಿ, ಆಕಾಶದಿಂದ ಪಾಠ ಇಳಿಸಿಕೊಳ್ಳುವುದರಲ್ಲಿ ರಾಯಚೂರು ನಿಮಗಿಂತ ಹಿರಿಯ. 1975ರ ಆಗಸ್ಟ್‌ನಿಂದ ಒಂದು ವರ್ಷ, ಅಮೆರಿಕ ಎರವಲು ಕೊಟ್ಟ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಪಾಠ ಬಂದಿತ್ತು. ಕರ್ನಾಟಕದಲ್ಲಿ ಆ ಭಾಗ್ಯ ಸಿಕ್ಕಿದ್ದು ರಾಯಚೂರು, ಗುಲಬರ್ಗಾ, ಬಿಜಾಪುರ ಜಿಲ್ಲೆಗಳಿಗೆ. ಕೊಪ್ಪಳ ಆಗ ನಮ್ಮೊಳಗೇ ಇತ್ತು. ಕೋಳಿಗೂಡಿನ ತಂತಿ ಜಾಲರಿಯಿಂದ ಮಾಡಿದ ಹತ್ತಡಿ ಅಗಲದ ಛತ್ರಿ, ಊರಿಗೊಂದು ಟಿವಿ, ಬೆಳಿಗ್ಗೆ ಮಕ್ಕಳಿಗೆ, ಸಂಜೆ ದೊಡ್ಡವರಿಗೆ. ವರ್ಷ ತುಂಬಿದ ಕೂಡಲೇ ಅಮೆರಿಕದವರು ಉಪಗ್ರಹವನ್ನು ತಮ್ಮ ಕಡೆಗೆ ಸರಿಸಿಕೊಂಡರು. 2004ರಲ್ಲಿ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಹಾರಿತು. 2020ರಲ್ಲಿ ಕೊರೊನಾ ಬಂದಾಗ ಚಂದನ ವಾಹಿನಿಯಲ್ಲಿ ಪಾಠ ನಡೆಯಿತು. ಮೇಲಿನಿಂದ ಬಿಡುವುದರಲ್ಲಿ ನಾವು ಯಾವತ್ತೂ ಹಿಂದೆ ಬಿದ್ದಿಲ್ಲ.

ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತನನ್ನು ಕೇಳಿದರೆ ಈ ವಿದ್ಯೆ ಅವನಿಗೆ ಚೆನ್ನಾಗಿ ಗೊತ್ತು. ನೀರು ಬಿಟ್ಟ ಲೆಕ್ಕ ರಿಜಿಸ್ಟರಿನಲ್ಲಿರುತ್ತದೆ, ಗದ್ದೆಯಲ್ಲಿ ಬಿರುಕು ಇರುತ್ತದೆ. ಈಗ ರಿಜಿಸ್ಟರಿನ ಜಾಗಕ್ಕೆ ಡ್ಯಾಶ್‌ಬೋರ್ಡ್ ಬಂದಿದೆ. ಅದು ಸದಾ ಹಸಿರು.

ಮೆಕ್ಸಿಕೋದವರು 1968ರಲ್ಲೇ ಹಳ್ಳಿಗಳಿಗೆ ಟಿವಿ ಮೂಲಕ ಪ್ರೌಢಶಾಲೆ ತಂದಿದ್ದರು. ಆದರೆ ಪಾಪ, ತಿಳಿವಳಿಕೆ ಸಾಲದ ಜನ. ಟಿವಿ ಇಟ್ಟ ಕೋಣೆಯಲ್ಲಿ ಒಬ್ಬ ಶಿಕ್ಷಕನನ್ನೂ ಇಟ್ಟರು. ನಾವು ಖರ್ಚು ಉಳಿಸಲು ಮೊದಲು ಕೈಬಿಟ್ಟಿದ್ದೇ ಆ ಶಿಕ್ಷಕನನ್ನು. ಸಂಪರ್ಕ ತರಗತಿ ರದ್ದಾಯಿತು. ಅಚ್ಚಾದ ಪುಸ್ತಕ ಬೇಕೆಂದವರಿಗೆ ಡೌನ್‌ಲೋಡ್ ಮಾಡಿಕೊಳ್ಳಿ ಎಂದು ಲಿಂಕ್ ಸಿಕ್ಕಿತು. ಇಡೀ ಪುಸ್ತಕವನ್ನು ಪುಟಕ್ಕಿಷ್ಟು ಎಂದು ಜೆರಾಕ್ಸ್ ಮಾಡಿಸುವ ಹೊತ್ತಿಗೆ ಆ ಹೆಣ್ಣುಮಗಳ ಎರಡು ದಿನದ ಕೂಲಿ ಹೋಗಿತ್ತು.

ಕಳೆದ ತಿಂಗಳು ಪರಿಶೀಲನಾ ಸಭೆ ನಡೆಯಿತು. ಹಾಜರಾತಿ ನೂರಕ್ಕೆ ನೂರು ಎಂದು ತಾಲೂಕಿಗೆ ಶಹಬ್ಬಾಸ್‌ಗಿರಿ ಸಿಕ್ಕಿತು. ನಲವತ್ತೂ ಮಂದಿ ಒಂದೇ ಪ್ರಶ್ನೆಗೆ ಒಂದೇ ಥರ ತಪ್ಪು ಉತ್ತರ ಕೊಟ್ಟಿದ್ದನ್ನು ಒಬ್ಬ ಅಧಿಕಾರಿ ಗಮನಿಸಿದರಂತೆ. ಪಾಠದಲ್ಲಿ ಆ ಭಾಗ ಇನ್ನಷ್ಟು ಸರಳವಾಗಬೇಕು ಎಂದು ಷರಾ ಬರೆದರು. ಇನ್ನೊಬ್ಬರಿಗೆ ಮಾತ್ರ ಎಲ್ಲೋ ಅನುಮಾನ ಬಂದು, ಮುಂದಿನ ವರ್ಷದಿಂದ ಮುಖ ಗುರುತಿಸುವ ಹಾಜರಾತಿ ತರೋಣ ಎಂದರು. ಅದಕ್ಕೊಂದು ಆ್ಯಪ್, ಆ್ಯಪಿಗೊಂದು ಟೆಂಡರ್.

ಸುದ್ದಿ ಆಪರೇಟರನಿಗೆ ಆಗಲೇ ಮುಟ್ಟಿದೆ. ಹೆದರಿದ್ದಾನೇನೋ ಎಂದುಕೊಂಡರೆ, ಡ್ರಾಯರಿನಿಂದ ರಬ್ಬರ್ ಬ್ಯಾಂಡ್ ಸುತ್ತಿದ ಕಟ್ಟೊಂದನ್ನು ತೆಗೆದು ತೋರಿಸಿದ.

“ಅದಕ್ಕೇ ಸರ್, ಎಲ್ಲಾರ ಕಡಿಂದನೂ ಪಾಸ್‌ಪೋರ್ಟ್ ಸೈಜ್ ಫೋಟೊ ಎರಡೆರಡು ಜಾಸ್ತಿ ಇಸ್ಕೊಂಡೀನಿ.”