ಕಿರುಚಿದವನೇ ಕಾವಲುಗಾರ

ನಿಮ್ಮ ಕಂಪ್ಯೂಟರ್‌ಗೆ ವೈರಸ್ ಬಂದಿದೆ ಅಂತ ಮೊದಲು ಹೇಳುವವರು ಯಾರು? ಕಂಪ್ಯೂಟರ್ ಅಲ್ಲ, ಆಂಟಿವೈರಸ್ಸೂ ಅಲ್ಲ. ಬಿಟ್ಟಿ ಸಿನಿಮಾ ಹುಡುಕುತ್ತಾ ಕಾಲಿಟ್ಟ ಯಾವುದೋ ಊರುಪೇರಿಲ್ಲದ ವೆಬ್‌ಸೈಟ್. ಪರದೆ ಪೂರ್ತಿ ಕೆಂಪಾಗುತ್ತದೆ, ಕುಂಯ್ ಅಂತ ಸದ್ದು ಶುರುವಾಗುತ್ತದೆ. ಹಸಿರು ಪಟ್ಟಿಯೊಂದು ಸರಸರ ಓಡಿ, ಕಣ್ಣು ಮಿಟುಕಿಸುವಷ್ಟರಲ್ಲಿ ಇಡೀ ಹಾರ್ಡ್ ಡಿಸ್ಕ್ ತಪಾಸಣೆ ಮುಗಿಸಿಬಿಡುತ್ತದೆ. ನಿಜವಾದ ಆಂಟಿವೈರಸ್‌ಗೆ ಇದೇ ಕೆಲಸಕ್ಕೆ ಗಂಟೆಗಟ್ಟಲೆ ಬೇಕು, ಪಾಪ. ಅದು ಫೈಲುಗಳನ್ನು ನೋಡುತ್ತದೆ. ಇದಕ್ಕೆ ಆ ತಾಪತ್ರಯ ಇಲ್ಲ. ವೆಬ್ ಪುಟಕ್ಕೆ ನಮ್ಮ ಡಿಸ್ಕ್ ಒಳಗೆ ಇಣುಕಲು ಆಗುವುದೇ ಇಲ್ಲ. ಓಡುವ ಪಟ್ಟಿ ಬರೀ ಚಿತ್ರ. ಮ್ಯಾಕ್ ಬಳಸುವವರಿಗೂ ಇಂಥ ಪುಟಗಳು 'ಸಿ ಡ್ರೈವ್'ನಲ್ಲಿ ವೈರಸ್ ಹುಡುಕಿ ಕೊಟ್ಟಿವೆ. ಮ್ಯಾಕ್‌ನಲ್ಲಿ ಸಿ ಡ್ರೈವ್ ಅನ್ನುವುದೇ ಇಲ್ಲ. ಸೇವೆಗೆ ನಿಂತವರು ಇಂಥ ಚಿಲ್ಲರೆ ವಿಷಯಕ್ಕೆಲ್ಲ ತಲೆ ಕೆಡಿಸಿಕೊಳ್ಳುತ್ತಾರಾ?

ಮೂಲೆಯಲ್ಲಿರುವ ಮುಚ್ಚುವ ಗುರುತೂ ಎಷ್ಟೋ ಸಲ ಚಿತ್ರದ್ದೇ ಭಾಗ. ಒತ್ತಿದರೆ ಪುಟ ಮುಚ್ಚಲ್ಲ, ಇನ್ನೇನೋ ಡೌನ್‌ಲೋಡ್ ಆಗುತ್ತದೆ. ಕೆಳಗೆ ದೊಡ್ಡದಾಗಿ ಒಂದು ಫೋನ್ ನಂಬರ್. ತನ್ನ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಇರುವುದೇ ಇಲ್ಲ ಅಂತ ಮೈಕ್ರೋಸಾಫ್ಟ್ ಹೇಳುತ್ತಲೇ ಬಂದಿದೆ. ಆದರೆ ಯಾರು ಕೇಳುತ್ತಾರೆ? ಅಸಲಿ ಕಂಪನಿಯ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ ಅವರ ಸಂಗೀತ ಬಾಯಿಪಾಠ ಆಗುವವರೆಗೆ ಕಾಯಬೇಕು. ಇಲ್ಲಿ ಮೊದಲ ರಿಂಗಿಗೇ 'ಹೇಳಿ ಸರ್' ಅನ್ನುತ್ತಾರೆ.

ಇದೇನು ಗುಡಿ ಕೈಗಾರಿಕೆ ಅಂದುಕೊಳ್ಳಬೇಡಿ. ವಿನ್‌ಫಿಕ್ಸರ್ ಎಂಬ ಹೆಸರಲ್ಲಿ ಇಲ್ಲದ ವೈರಸ್‌ಗೆ ಮದ್ದು ಮಾರುತ್ತಿದ್ದವರ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2008ರಲ್ಲಿ ಕೇಸು ಹಾಕಿತು. 2012ರಲ್ಲಿ ಕೋರ್ಟು 16 ಕೋಟಿ ಡಾಲರಿಗೂ ಜಾಸ್ತಿ ಕಟ್ಟಿ ಅಂದಿತು. ಹೆದರಿಕೆಗೆ ಅಷ್ಟು ಬೆಲೆ ಇದೆ.

ಈಚೆಗೆ ಕಳ್ಳರು ಇನ್ನೂ ಸುಧಾರಿಸಿದ್ದಾರೆ. 2024ರಿಂದ ಹಬ್ಬಿರುವ ಹೊಸ ವರಸೆಯ ಹೆಸರು ಕ್ಲಿಕ್‌ಫಿಕ್ಸ್. 'ನೀವು ರೋಬೋಟ್ ಅಲ್ಲ ಅಂತ ಸಾಬೀತು ಮಾಡಿ' ಅನ್ನುತ್ತದೆ ಪುಟ. ಹೇಗೆ? ವಿಂಡೋಸ್ ಕೀ ಮತ್ತು ಆರ್ ಒತ್ತಿ. ಆಮೇಲೆ ಕಂಟ್ರೋಲ್ ವಿ. ಆಮೇಲೆ ಎಂಟರ್. ಅಷ್ಟರೊಳಗೆ ಪುಟ ಸದ್ದಿಲ್ಲದೆ ಒಂದು ಆಜ್ಞೆಯನ್ನು ಕ್ಲಿಪ್‌ಬೋರ್ಡಿಗೆ, ಅಂದರೆ ಕಾಪಿ ಮಾಡಿದ್ದು ಕೂರುವ ಜಾಗಕ್ಕೆ, ತುಂಬಿರುತ್ತದೆ. ನಾವು ಅದನ್ನು, ಬರೆದ ಆಜ್ಞೆಯನ್ನು ವಿಂಡೋಸ್ ಕೂಡಲೇ ನಡೆಸಿಕೊಡುವ ರನ್ ಡಬ್ಬಿಗೆ ಅಂಟಿಸಿ, ನಮ್ಮ ಕೈಯಾರೆ ಪಾಸ್‌ವರ್ಡ್ ಕದಿಯುವ ತಂತ್ರಾಂಶವನ್ನು ಬರಮಾಡಿಕೊಳ್ಳುತ್ತೇವೆ. ಹೇಳಿದ ಗುಂಡಿಗಳನ್ನು ಹೇಳಿದ ಕ್ರಮದಲ್ಲಿ, ಯಾಕೆ ಅಂತ ಒಂದು ಮಾತೂ ಕೇಳದೆ ಒತ್ತಿದವರು ರೋಬೋಟ್ ಅಲ್ಲವಂತೆ!

ಒಪ್ಪಂದ ಓದುವ ವಿಷಯದಲ್ಲಿ ನಾವು ಮೊದಲಿಂದಲೂ ಉದಾರಿಗಳು. ಪಿಸಿ ಪಿಟ್‌ಸ್ಟಾಪ್ ಎಂಬ ಕಂಪನಿ ಒಮ್ಮೆ ತನ್ನ ತಂತ್ರಾಂಶದ ಕರಾರಿನ ನಡುವೆ, ಇದನ್ನು ಓದಿ ಈ ವಿಳಾಸಕ್ಕೆ ಬರೆದವರಿಗೆ ಹಣ ಸಿಗಬಹುದು ಅಂತ ಒಂದು ಸಾಲು ಸೇರಿಸಿತ್ತು. ನಾಲ್ಕು ತಿಂಗಳಲ್ಲಿ 3000ಕ್ಕೂ ಜಾಸ್ತಿ ಡೌನ್‌ಲೋಡ್. ಬರೆದವನು ಒಬ್ಬ. ಅವನಿಗೆ 1000 ಡಾಲರ್ ಚೆಕ್ ಕೊಟ್ಟರು. ಉಳಿದವರೆಲ್ಲ 'ಐ ಅಗ್ರೀ' ಒತ್ತಿ ಮುಂದೆ ಹೋಗಿದ್ದರು.

ಸರಿ, ದುಡ್ಡೋ ಬಿಟ್ಟಿಯೋ, ಹೆಸರಾಂತ ಆಂಟಿವೈರಸ್ ಒಂದನ್ನು ಹಾಕಿಕೊಳ್ಳೋಣ ಅಂತೀರಾ? ಅವಾಸ್ಟ್ ಹಾಕಿಕೊಂಡವರೂ ಹಾಗೇ ಅಂದುಕೊಂಡಿದ್ದರು. ನಿಮ್ಮನ್ನು ಯಾರೂ ಹಿಂಬಾಲಿಸದಂತೆ ನೋಡಿಕೊಳ್ಳುತ್ತೇವೆ ಎಂದ ಕಂಪನಿ, ಅವರು ವೆಬ್‌ನಲ್ಲಿ ಎಲ್ಲೆಲ್ಲಿ ಸುತ್ತಾಡಿದರು ಎಂಬ ಮಾಹಿತಿಯನ್ನು ಜಂಪ್‌ಶಾಟ್ ಎಂಬ ತನ್ನದೇ ಅಂಗಸಂಸ್ಥೆಯ ಮೂಲಕ ಮಾರುತ್ತಿತ್ತು. 2020ರಲ್ಲಿ ಗುಟ್ಟು ರಟ್ಟಾಗಿ ಜಂಪ್‌ಶಾಟ್‌ಗೆ ಬೀಗ ಬಿತ್ತು. 2024ರಲ್ಲಿ ಅದೇ ಟ್ರೇಡ್ ಕಮಿಷನ್ 1.65 ಕೋಟಿ ಡಾಲರ್ ಕಕ್ಕಿಸಿತು. ಬೇಲಿಯೇ ಎದ್ದು ಹೊಲ ಮೇಯುವುದು ಗೊತ್ತಿತ್ತು. ಮೇಯ್ದದ್ದನ್ನು ಪೊಟ್ಟಣ ಕಟ್ಟಿ ಮಾರುವ ಬೇಲಿ ಇದೇ ಮೊದಲಿರಬೇಕು.

ಇಷ್ಟೆಲ್ಲ ಗದ್ದಲದ ನಡುವೆ, 2012ರ ವಿಂಡೋಸ್ 8ರಿಂದ ಡಿಫೆಂಡರ್ ಎಂಬ ಆಂಟಿವೈರಸ್ ವಿಂಡೋಸ್ ಜೊತೆಗೇ ಬರುತ್ತಿದೆ. ದುಡ್ಡು ಕೇಳಲ್ಲ. ಕಿರುಚಲ್ಲ. ಹಾಗಾಗಿ ಅದರ ಮೇಲೆ ಯಾರಿಗೂ ನಂಬಿಕೆ ಇಲ್ಲ. ಅಪ್‌ಡೇಟ್ ಇದೆ ಅಂತ ವಿಂಡೋಸ್ ಮೆತ್ತಗೆ ಹೇಳಿದರೆ ನಮ್ಮ ಉತ್ತರ ಒಂದೇ: ಆಮೇಲೆ ನೋಡೋಣ.

ಬ್ರೌಸರ್ ಕೂಡ ಸುಮ್ನೆ ಕೂತಿಲ್ಲ. ಅಪಾಯದ ಸೈಟ್ ಅಂತ ಪಟ್ಟಿಯಲ್ಲಿರುವ ಜಾಗಕ್ಕೆ ಹೊರಟರೆ ಕ್ರೋಮ್ ಅಡ್ಡ ಬಂದು, ಪರದೆ ಕೆಂಪು ಮಾಡಿ, ವಾಪಸ್ ಹೋಗಲು ದೊಡ್ಡ ಬಟನ್ ಕೊಡುತ್ತದೆ. ಈ ಕೆಂಪು ಮಾತ್ರ ಅಸಲಿ. ಮುಂದೆ ಹೋಗುವ ದಾರಿಯನ್ನು 'ಡೀಟೇಲ್ಸ್' ಒಳಗೆ, ಒಂದು ವಾಕ್ಯದ ಕೊನೆಯಲ್ಲಿ, ಸಣ್ಣ ಅಕ್ಷರದ ಲಿಂಕ್ ಮಾಡಿ ಅಡಗಿಸಿಟ್ಟಿದ್ದಾರೆ. ಕರಾರಿನ ಒಂದು ಸಾಲೂ ಕಾಣಿಸದ ನಮ್ಮ ಕಣ್ಣಿಗೆ ಅದು ಮಾತ್ರ ತಟ್ಟನೆ ಸಿಗುತ್ತದೆ.