ಡಾಕ್ಟ್ರೇ, ಇನ್ನು ಮೂರಕ್ಷರ ಬರೆದರೆ ಕೈ ಸವೆಯುತ್ತಾ?

ಇವತ್ತು ಮತ್ತೆ ಆಡಿಟ್‌ನಲ್ಲಿ ನನ್ನ ಹೆಸರಿಗೆ ಕೆಂಪು ಗುರುತು ಬಿದ್ದಿದೆ. ಕಾರಣ, ಚಾರ್ಟಿನಲ್ಲಿ ಇಲ್ಲದ ಮೂರಕ್ಷರ. ಬರೆಯಬೇಕಾದವರು ಡಾಕ್ಟರು. ಕಡಿತವಾದದ್ದು ನನ್ನ ಅಂಕ.

ನಾನು ಅಮೆರಿಕದ ಆಸ್ಪತ್ರೆಗಳ ಚಾರ್ಟ್ ಓದಿ ಐಸಿಡಿ-10 ಕೋಡ್, ಅಂದರೆ ಒಂದೊಂದು ರೋಗಕ್ಕೂ ಗೊತ್ತುಮಾಡಿದ ಗುರುತಿನ ಸಂಖ್ಯೆ, ಹಾಕುವ ಕೆಲಸ ಮಾಡುತ್ತೇನೆ. ಈ ಚಾರ್ಟ್ ಒಬ್ಬ ಹೆಂಗಸಿನದು. ಮೆಟ್ಟಿಲು ಹತ್ತಲು ಆಗುತ್ತಿಲ್ಲ, ತಲೆ ಬಾಚಲು ಕೈ ಮೇಲೇಳುತ್ತಿಲ್ಲ. ಕಣ್ಣುರೆಪ್ಪೆ ನೇರಳೆ ಬಣ್ಣಕ್ಕೆ ತಿರುಗಿದೆ, ಬೆರಳ ಗೆಣ್ಣುಗಳ ಮೇಲೆ ಕೆಂಪು ಗುಳ್ಳೆ. ರಕ್ತದಲ್ಲಿ ಸಿಕೆ, ಅಂದರೆ ಸ್ನಾಯು ಹಾಳಾದಾಗ ಏರುವ ಕಿಣ್ವ, ಸಾವಿರಗಳಲ್ಲಿದೆ. ಎಂಆರ್‌ಐ, ಬಯಾಪ್ಸಿ ಎರಡೂ ಆಗಿವೆ. ಡರ್ಮಟೊಮಯೋಸೈಟಿಸ್, ಅಂದರೆ ಸ್ನಾಯುವಿನ ಜೊತೆ ಚರ್ಮಕ್ಕೂ ಬರುವ ಉರಿಯೂತ, ಎಂದು ಚಾರ್ಟೇ ಕೂಗಿ ಹೇಳುತ್ತಿದೆ. ಕೊನೆಗೆ ಡಾಕ್ಟರು ಬರೆದದ್ದೇನು? "ಮಯೋಸೈಟಿಸ್". ಅಷ್ಟೇ!

ಗೊತ್ತಿಲ್ಲದವರಿಗೆ ಹೇಳುತ್ತೇನೆ, ರಿಪೋರ್ಟ್ ನೋಡಿ ರೋಗದ ಹೆಸರು ಬರೆಯುವ ಹಕ್ಕು ಕೋಡರ್‌ಗೆ ಇಲ್ಲ. ಡಾಕ್ಟರು ಬರೆದದ್ದಕ್ಕೆ ಮಾತ್ರ ಕೋಡ್. ಬರೀ ಮಯೋಸೈಟಿಸ್ ಅಂದರೆ ಎಂ60.9, ಅಂದರೆ ಯಾವುದೋ ಒಂದು ಸ್ನಾಯು ಉರಿಯೂತ. ಮುಂದೆ "ಡರ್ಮಟೊ" ಅಂತ ಮೂರಕ್ಷರ ಇದ್ದಿದ್ದರೆ ಅದು ಎಂ33 ಗುಂಪಿಗೆ ಹೋಗುತ್ತಿತ್ತು. ಆಕೆಗೆ ಬರೆದಿದ್ದು ಐವಿಐಜಿ, ರಕ್ತನಾಳಕ್ಕೆ ಕೊಡುವ ಪ್ರತಿಕಾಯಗಳ ಸಿಕ್ಕಾಪಟ್ಟೆ ದುಬಾರಿ ಔಷಧಿ. 2021ರಲ್ಲಿ ಅದರ ಒಂದು ಬ್ರ್ಯಾಂಡಿಗೆ ದೊಡ್ಡವರ ಡರ್ಮಟೊಮಯೋಸೈಟಿಸ್‌ಗೆ ಅಂತಲೇ ಅಲ್ಲಿ ಒಪ್ಪಿಗೆ ಸಿಕ್ಕಿದೆ. ಎಂ60.9ಗೆ ಅಲ್ಲ. ಇನ್ಶೂರೆನ್ಸ್‌ನವರು ಕೋಡ್ ನೋಡಿದರು, ಕ್ಲೈಮ್ ವಾಪಸ್ ಎಸೆದರು.

ಕ್ವೆರಿ, ಅಂದರೆ ಡಾಕ್ಟರಿಗೆ ಸ್ಪಷ್ಟನೆ ಕೇಳುವ ಪ್ರಶ್ನೆ, ಯಾಕೆ ಕಳಿಸಲಿಲ್ಲ ಅಂತ ಆಡಿಟರ್ ಕೇಳುತ್ತಾರೆ. ಕಳಿಸಿದ್ದೆ ಸ್ವಾಮಿ! ಅದಕ್ಕೂ ನಿಯಮ ಇದೆ. "ಇದು ಡರ್ಮಟೊಮಯೋಸೈಟಿಸ್ ಅಲ್ವಾ ಸಾರ್?" ಅಂತ ನೇರವಾಗಿ ಕೇಳುವಂತಿಲ್ಲ. ಅದು ಉತ್ತರ ಬಾಯಿಗೆ ತುರುಕಿದ ಹಾಗೆ ಆಗುತ್ತದಂತೆ. "ದಯವಿಟ್ಟು ಮಯೋಸೈಟಿಸ್‌ನ ವಿಧ ತಿಳಿಸಿ" ಎಂದು ಬೆಣ್ಣೆ ಹಚ್ಚಿ ಬರೆಯಬೇಕು. ಬರೆದೆ. ಒಂಬತ್ತು ದಿನ ಬಿಟ್ಟು ಉತ್ತರ ಬಂತು: "ನೋಟ್ ನೋಡಿ." ನೋಟ್ ನೋಡಿದ್ದಕ್ಕೇ ಅಲ್ಲವೇ ನಾನು ಕೇಳಿದ್ದು? ಉತ್ತರ ಸರಿಯಾಗಿ ಬರುವ ತನಕ ಚಾರ್ಟ್ ಹಿಡಿದಿಟ್ಟರೆ ದಿನದ ಟಾರ್ಗೆಟ್ ಬೀಳುತ್ತದೆ, ಮ್ಯಾನೇಜರ್ ಫೋನ್. ಕಳಿಸಿಬಿಟ್ಟರೆ ಕ್ವಾಲಿಟಿ ಬೀಳುತ್ತದೆ, ಆಡಿಟರ್ ಮೇಲ್. ಯಾವ ಕಡೆ ಬೀಳಬೇಕು ಅಂತ ಯಾರಾದರೂ ಹೇಳಿಬಿಡಿ.

ಇನ್ನು ಕೆಲವು ಡಾಕ್ಟರು ಡರ್ಮಟೊ ಅಂತ ಬರೆಯುತ್ತಾರೆ, ಜೊತೆಗೆ "ಬಹುಶಃ" ಸೇರಿಸುತ್ತಾರೆ. ಹೊರರೋಗಿಗಳ ಚಾರ್ಟಿನಲ್ಲಿ ಬಹುಶಃಗೆ ಕೋಡ್ ಇಲ್ಲ. ಆಗ ನಾನು ಕೂತು ಆ ರೋಗವನ್ನು ತುಂಡು ಮಾಡಬೇಕು: ಬಲ ಕುಂದಿದ ಸ್ನಾಯುವಿಗೆ ಎಂ62.81, ಗುಳ್ಳೆಗೆ ಆರ್21, ಏರಿದ ಸಿಕೆಗೆ ಇನ್ನೊಂದು.

ಈ ಕೋಡ್‌ಗಳ ಪಟ್ಟಿ ಮಾಡಿದವರೂ ಕಡಿಮೆಯೇನಿಲ್ಲ. ಪಾಲಿಮಯೋಸೈಟಿಸ್ ಅಂದರೇನೇ ಹಲವು ಸ್ನಾಯುಗಳ ಉರಿಯೂತ. ಅದರ ಕೆಳಗೆ ಎಂ33.22 ಅಂತ ಒಂದಿದೆ, "ಸ್ನಾಯುರೋಗ ಸಹಿತ ಪಾಲಿಮಯೋಸೈಟಿಸ್". ಒದ್ದೆಯಾದ ನೀರು ಅಂದ ಹಾಗೆ! ಡರ್ಮಟೊದಲ್ಲಿ ಮಾತ್ರ ಈ ವಿಂಗಡಣೆಗೆ ಅರ್ಥ ಇದೆ, ಒಪ್ಪುತ್ತೇನೆ. ಚರ್ಮಕ್ಕೆ ಬಂದು ಸ್ನಾಯುವನ್ನು ಮುಟ್ಟದೆ ಬಿಡುವುದೂ ಉಂಟು. ಅಂಥವರಿಗೆ ಎಂ33.13 ಬಂದದ್ದು 2017ರ ಅಕ್ಟೋಬರ್‌ನಲ್ಲಿ.

ಇನ್‌ಕ್ಲೂಷನ್ ಬಾಡಿ ಮಯೋಸೈಟಿಸ್ ಹುಡುಕಿ ನೋಡಿ. ಮಯೋಸೈಟಿಸ್ ಅಲ್ವಾ ಅಂತ ಎಂ ಅಧ್ಯಾಯಕ್ಕೆ ಹೋದರೆ ಸಿಗುವುದಿಲ್ಲ. ಅದು ನರರೋಗಗಳ ಜೊತೆ ಜಿ72.41 ಅಂತ ಅಡಗಿ ಕೂತಿದೆ. ಸಾಮಾನ್ಯವಾಗಿ ಐವತ್ತು ದಾಟಿದವರಿಗೆ ಬರುವ, ಸ್ಟೀರಾಯ್ಡ್‌ಗೆ ಅಷ್ಟಾಗಿ ಬಗ್ಗದ ಕಾಯಿಲೆ. ಡಾಕ್ಟರು ತಂತ್ರಾಂಶದಲ್ಲಿ "ಮಯೋ" ಅಂತ ಒತ್ತಿ, ಮೊದಲು ಬಂದದ್ದನ್ನು ಆರಿಸಿ ಮುಂದಿನ ರೋಗಿಗೆ ಹೋಗಿಬಿಡುತ್ತಾರೆ.

"ಸ್ಟ್ಯಾಟಿನ್ ಮಯೋಪತಿ" ಅಂತ ಬರೆಯುವವರ ಮೇಲೆ ನನಗೆ ಇನ್ನೂ ಜಾಸ್ತಿ ಸಿಟ್ಟು. ಕೊಲೆಸ್ಟರಾಲ್ ಮಾತ್ರೆಯಿಂದ ಸ್ನಾಯುವಿಗೆ ತೊಂದರೆಯಾದರೆ ಜಿ72.0. ಹೆಚ್ಚಿನವರಿಗೆ ಮಾತ್ರೆ ನಿಲ್ಲಿಸಿದರೆ ಸರಿಹೋಗುತ್ತದೆ. ಅಪರೂಪಕ್ಕೆ ಕೆಲವರಲ್ಲಿ ಮಾತ್ರೆ ಬಿಟ್ಟ ಮೇಲೂ ದೇಹ ತನ್ನ ಸ್ನಾಯುವನ್ನೇ ಸುಡುತ್ತಿರುತ್ತದೆ. ಅದು ಬೇರೆಯೇ ಕಾಯಿಲೆ, ಚಿಕಿತ್ಸೆಯೂ ಬೇರೆ. ಅದಕ್ಕೆ ಸ್ವಂತ ಕೋಡ್ ಕೂಡ ಇಲ್ಲ, ಜಿ72.49 ಎಂಬ "ಇತರೆ" ಡಬ್ಬಿಗೆ ಹಾಕಬೇಕು. ಎರಡರಲ್ಲಿ ಯಾವುದು ಅಂತ ಆ ಎರಡು ಪದದಲ್ಲಿ ನಾನು ಹೇಗೆ ಹುಡುಕಲಿ?

ಹಳೆಯ ಐಸಿಡಿ-9ರಲ್ಲಿ 729.1 ಅಂತ ಒಂದೇ ಕೋಡ್ ಇತ್ತು, ಮಯಾಲ್ಜಿಯಾ ಅನ್ನುವ ಮೈಕೈ ನೋವಿಗೂ ಅದೇ, ಮಯೋಸೈಟಿಸ್‌ಗೂ ಅದೇ. 2015ರ ಅಕ್ಟೋಬರ್ 1ಕ್ಕೆ ಅದು ಹೋಯಿತು. ನೋವು ಎಂ79ಕ್ಕೆ, ಉರಿಯೂತ ಎಂ60ಕ್ಕೆ ಬೇರೆಯಾದವು. ಡಾಕ್ಟರ ಕೈ ಮಾತ್ರ ಅಲ್ಲೇ ನಿಂತಿದೆ.

ಸುಮ್ನೆ ಹೇಳುತ್ತಿಲ್ಲ. ಇದನ್ನು ಟೈಪ್ ಮಾಡುತ್ತಲೇ ಮುಂದಿನ ಚಾರ್ಟ್ ತೆರೆದೆ. "ಮಯಾಲ್ಜಿಯಾ/ಮಯೋಸೈಟಿಸ್" ಅಂತಿದೆ. ನಡುವೆ ಒಂದು ಓರೆಗೆರೆ, ಕೆಳಗೆ ಸಹಿ.