ಶುದ್ಧ ಸಸ್ಯಾಹಾರಿಯ ಕೆಂಪು ಕಣ್ಣು

ಹಸಿಮೆಣಸಿನಕಾಯಿ ಹೆಚ್ಚಿದ ಕೈಯಿಂದ ಕಣ್ಣು ಉಜ್ಜಿಕೊಳ್ಳಬಾರದು ಎಂಬುದು ನನಗೆ ಬುದ್ಧಿ ಬಂದಾಗಿನಿಂದ ಗೊತ್ತು. ಆದರೆ ಬೆಳಗಿನ ಜಾವ ನಾಲ್ಕು ಗಂಟೆಗೆ, ಸಿಯಾಟಲ್ ಪಕ್ಕದ ಮಗಳ ಮನೆಯಲ್ಲಿ, ದಾರಿಬುತ್ತಿಯ ಚಿತ್ರಾನ್ನಕ್ಕೆ ಅಣಿ ಮಾಡುತ್ತಿದ್ದಾಗ ಆ ಬುದ್ಧಿ ಇನ್ನೂ ಎದ್ದಿರಲಿಲ್ಲ. ಒಂದಲ್ಲ, ಎರಡೂ ಕಣ್ಣು. ಹೆಂಡತಿ ತಣ್ಣೀರು ಎರಚಿದಳು, ಮಗಳು ಹಾಲು ಹಿಡಿದುಕೊಂಡು ಬಂದಳು, ನಾನು ಅಡುಗೆಮನೆಯ ತುಂಬ ಕುಣಿದೆ. ಕಾರು ಹೊರಡುವ ಹೊತ್ತಿಗೆ ಉರಿ ಇಳಿದಿತ್ತು; ಬಣ್ಣ ಇಳಿದಿರಲಿಲ್ಲ.

ಹೊರಟಿದ್ದು ಫೋರ್ಕ್ಸ್ ಎಂಬ ಊರಿಗೆ. ವಾಷಿಂಗ್ಟನ್ ರಾಜ್ಯದ ಪಶ್ಚಿಮದ ಅಂಚು. ಹಡಗಿಗೆ ಕಾರನ್ನೂ ಹತ್ತಿಸಿ, ಆಚೆ ದಡದಲ್ಲಿ ಇಳಿದು, ಕಾಡು ಮತ್ತು ಸರೋವರದ ಪಕ್ಕದಲ್ಲೇ ತಾಸುಗಟ್ಟಲೆ ಹೋಗಬೇಕು. ಮೂರು ಸಾವಿರ ಚಿಲ್ಲರೆ ಜನ, ಮರ ಕಡಿಯುವ ಹಳೆಯ ಕಸುಬು, ವರ್ಷಕ್ಕೆ ಸುಮಾರು ಮೂರು ಸಾವಿರ ಮಿಲಿಮೀಟರ್ ಮಳೆ. ಅರಿಜೋನಾದ ಬಿಸಿಲಿನಲ್ಲಿ ಮೂರು ಮಕ್ಕಳನ್ನು ಸಾಕುತ್ತಿದ್ದ ಸ್ಟೆಫನಿ ಮೇಯರ್ ಎಂಬಾಕೆಗೆ 2003ರ ಜೂನ್ 2ರಂದು ಕನಸಿನಲ್ಲಿ ಒಬ್ಬ ಹುಡುಗಿಯೂ ಮೈ ಮಿನುಗುವ ವ್ಯಾಂಪೈರ್, ಅಂದರೆ ರಕ್ತ ಹೀರಿ ಬದುಕುವವನು, ಒಬ್ಬನೂ ಕಂಡರಂತೆ. ಬಿಸಿಲು ಬಿದ್ದರೆ ವಜ್ರದಂತೆ ಹೊಳೆದು ಗುಟ್ಟು ರಟ್ಟಾಗುವವನನ್ನು ಇರಿಸಲು ಮೋಡ ಕವಿದ ಊರೇ ಬೇಕಲ್ಲವೇ? ಅಮೆರಿಕದಲ್ಲಿ ಅತಿ ಹೆಚ್ಚು ಮಳೆ ಎಲ್ಲಿ ಎಂದು ಗೂಗಲ್‌ನಲ್ಲಿ ಹುಡುಕಿದರು, ಫೋರ್ಕ್ಸ್ ಸಿಕ್ಕಿತು. 2005ರಲ್ಲಿ ‘ಟ್ವೈಲೈಟ್’ ಪುಸ್ತಕ ಬಂತು, 2008ರಲ್ಲಿ ಸಿನಿಮಾ ಬಂತು, ಹೈಸ್ಕೂಲಿನಲ್ಲಿದ್ದ ನಮ್ಮ ಮಗಳು ಕೈತಪ್ಪಿದಳು.

ತೀರ್ಥಹಳ್ಳಿ ಕಡೆಯ ಅಡಿಕೆ ತೋಟದವನಾದ ನನಗೆ ಇಲ್ಲೊಂದು ತಕರಾರಿದೆ. ಹುಡುಕುವಾಗ ಆಕೆ ‘ಅಮೆರಿಕದಲ್ಲಿ’ ಎಂಬ ಒಂದು ಪದ ಬಿಟ್ಟಿದ್ದರೆ ಸಾಕಿತ್ತು. ಮೊದಲು ಮೇಘಾಲಯ ಸಿಗುತ್ತಿತ್ತು ಎನ್ನಿ. ಸ್ವಲ್ಪ ಕೆಳಗೆ ಕಣ್ಣು ಹಾಯಿಸಿದ್ದರೆ ಏಳು ಸಾವಿರ ಮಿಲಿಮೀಟರ್ ದಾಟುವ ಆಗುಂಬೆ. ರಕ್ತ ಹೀರುವವರನ್ನು ಹೊರಗಿನಿಂದ ತರಿಸುವ ಖರ್ಚೂ ಉಳಿಯುತ್ತಿತ್ತು. ನಮ್ಮ ಇಂಬಳಗಳು ಕನಸಿನಲ್ಲಿ ಬರುವುದಿಲ್ಲ, ನೇರವಾಗಿ ಕಾಲಿಗೇ ಬರುತ್ತವೆ. ಅಂದ ಹಾಗೆ, ಆ ಕಥೆಯಲ್ಲಿ ತೋಳವಾಗಿ ಬದಲಾಗಬಲ್ಲ ಎದುರು ಪಕ್ಷದವರು ವ್ಯಾಂಪೈರ್‌ಗಳನ್ನು ಬೈಯುವುದೇ ‘ಜಿಗಣೆ’ ಎಂದು. ಮಗಳ ಇಡೀ ಪುರಾಣದಲ್ಲಿ ನನಗೆ ಯಾರ ಸಹಾಯವೂ ಇಲ್ಲದೆ ಅರ್ಥವಾದ ಪದ ಅದೊಂದೇ.

ಉಳಿದದ್ದೆಲ್ಲ ಕಷ್ಟ. ಈ ಭಕ್ತರಿಗೆ ‘ಟ್ವೈಹಾರ್ಡ್’ ಎಂದು ಹೆಸರು. ಮಕ್ಕಳ ಜೊತೆ ತಾವೂ ಮರುಳಾದ ತಾಯಂದಿರು ‘ಟ್ವೈ ಮಾಮ್’. ಮಗಳ ಗೆಳತಿ ನನ್ನ ಹೆಂಡತಿಗೆ ಈ ಬಿರುದು ಕೊಟ್ಟಾಗ ಇವಳು ಗಂಭೀರವಾಗಿ, “ಮಾಮ ಇವರು, ನಾನು ಅತ್ತೆ” ಎಂದು ನನ್ನ ಕಡೆ ಕೈ ತೋರಿಸಿದಳು. ಕಥಾನಾಯಕಿಯ ಹೆಸರು ಬೆಲ್ಲಾ, ಅವಳ ವ್ಯಾಂಪೈರ್ ಹುಡುಗ ಎಡ್ವರ್ಡ್. ‘ಬೆಲ್ಲಾ ಇಲ್ಲದೆ ಎಡ್ವರ್ಡ್ ಸಾಯಲು ಹೊರಟ’ ಎಂದು ಮಗಳು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದಾಗ ಇವಳು ಡಬ್ಬಿ ತೆರೆದು ನೋಡಿ, ಇನ್ನೂ ಎರಡು ಅಚ್ಚು ಇದೆ ಎಂದು ಸಮಾಧಾನ ಹೇಳಿದ್ದುಂಟು.

ಆಗಸ್ಟ್ ಮುಗಿದು ಆಕಾಶ ಬೂದಿಬಣ್ಣಕ್ಕೆ ತಿರುಗಿತೆಂದರೆ ಇವರು ‘ಹೋವಾ ಹೋವಾ ಹೋವಾ’ ಕಾಲ ಬಂತು ಎನ್ನುತ್ತಾರೆ. ಮೊದಲ ಸಿನಿಮಾ ನೀಲಿ ಗಾಜಿನೊಳಗಿಂದ ನೋಡಿದಂತಿದೆ. ಅದರಲ್ಲಿ ಬರುವ ಹಾಡೊಂದರ ಗುನುಗು ಇದು. ಚಳಿ, ಮಂಜು, ಒದ್ದೆ ಮರ ಎಲ್ಲಕ್ಕೂ ಸೇರಿ ಒಂದೇ ಮಾತು. ಬಾಗಿಲಾಚೆ ಮಗಳು ಹೀಗೆ ಗುನುಗುವುದನ್ನು ಕೇಳಿ ನನ್ನ ಹೆಂಡತಿ ಚಿಲ್ಲರೆ ಹಿಡಿದು ಹೊರಗೆ ಬಂದಳು. ಅಮೆರಿಕದಲ್ಲೂ ಮನೆ ಬಾಗಿಲಿಗೆ ಹೂವು ಬರುತ್ತದೆ ಎಂದು ಅವಳಿಗೆ ಒಂದು ನಿಮಿಷ ಬಹಳ ಸಂತೋಷವಾಗಿತ್ತು.

ಆ ಸೀಮೆಯಲ್ಲಿ ಗುಡುಗು ಅಪರೂಪ. ಒಂದು ರಾತ್ರಿ ಗುಡುಗಿತು. ನಾವಿಬ್ಬರೂ ಅಭ್ಯಾಸಬಲದಿಂದ ‘ಅರ್ಜುನಃ ಫಲ್ಗುಣಃ ಪಾರ್ಥಃ’ ಎಂದು ಶುರುಮಾಡಿದೆವು. ಒಳಗಿನಿಂದ ಮಗಳೂ ಗೆಳತಿಯರೂ “ಬೇಸ್‌ಬಾಲ್!” ಎಂದು ಕೂಗಿ ಕಿಟಕಿಗೆ ಓಡಿದರು. ಆ ವ್ಯಾಂಪೈರ್‌ಗಳು ಚೆಂಡು ಹೊಡೆದರೆ ಊರಿಗೆಲ್ಲ ಕೇಳುತ್ತದಂತೆ. ಆದ್ದರಿಂದ ಗುಡುಗುವಾಗ ಮಾತ್ರ ಆಡುತ್ತಾರಂತೆ. ಸಿಡಿಲಿಗೆ ಹೆದರಿ ಹತ್ತು ಹೆಸರು ಹೇಳುವುದು ಮೂಢನಂಬಿಕೆ ಎಂದು ನನಗೆ ಪಾಠ ಮಾಡಿದ್ದ ಹುಡುಗಿ ಇವಳೇ.

ಈಗ ಮೆಣಸಿನಕಾಯಿಗೆ ಬರುತ್ತೇನೆ. ಅದು ಸೆಪ್ಟೆಂಬರ್ ತಿಂಗಳು. 13ರಂದು ಬೆಲ್ಲಾಳ ಹುಟ್ಟುಹಬ್ಬ. ಆ ದಿನಗಳಲ್ಲಿ ಫೋರ್ಕ್ಸ್‌ನಲ್ಲಿ ಜಾತ್ರೆ. ಕಾರು ಹತ್ತಿದವಳೇ ಮಗಳ ಗೆಳತಿ, “ಅಂಕಲ್, ನೀವು ಯಾವ ಟೀಮ್?” ಎಂದಳು. ಕರ್ನಾಟಕ ಎಂದೆ. ಹಾಗಲ್ಲವಂತೆ. ವ್ಯಾಂಪೈರ್ ಹುಡುಗ ಬೇಕೆನ್ನುವವರು ಟೀಮ್ ಎಡ್ವರ್ಡ್, ತೋಳವಾಗುವ ಹುಡುಗ ಬೇಕೆನ್ನುವವರು ಟೀಮ್ ಜೇಕಬ್. ಇಬ್ಬರ ಜಗಳ ಬೇಸರವಾಗಿ ಬೆಲ್ಲಾ ತನ್ನನ್ನು ಸ್ವಿಟ್ಜರ್ಲೆಂಡ್ ಎಂದು ಕರೆದುಕೊಂಡದ್ದರಿಂದ ತಟಸ್ಥರು ಟೀಮ್ ಸ್ವಿಟ್ಜರ್ಲೆಂಡ್. ಹುಡುಗಿಯ ತಂದೆ ಯಾರ ಕಡೆ ಎಂದು ಕೇಳಿದೆ. ಕಾರಿನಲ್ಲಿ ಒಂದು ಕ್ಷಣ ಮೌನ.

ಮಧ್ಯಾಹ್ನಕ್ಕೆ ಪೋರ್ಟ್ ಏಂಜಲಿಸ್ ಎಂಬ ಬಂದರು ಪಟ್ಟಣ. ಬೆಲ್ಲಾ ಮತ್ತು ಎಡ್ವರ್ಡ್ ಮೊದಲ ಸಲ ಎದುರುಬದುರು ಊಟಕ್ಕೆ ಕುಳಿತದ್ದು ಇಲ್ಲಿ. ಅವಳು ತರಿಸಿಕೊಂಡದ್ದು ಅಣಬೆಯ ರವಿಯೋಲಿ. ಹೀಗಾಗಿ ಭಕ್ತರೆಲ್ಲ ಅದನ್ನೇ ತರಿಸುವುದು ಸಂಪ್ರದಾಯ, ಒಂದು ರೀತಿಯ ತೀರ್ಥಪ್ರಸಾದ. ನನ್ನ ಹೆಂಡತಿ ಅಣಬೆ ತಿನ್ನುವುದಿಲ್ಲ. ಚಿತ್ರಾನ್ನ ಕಾರಿನಲ್ಲಿತ್ತು. ಬಡಿಸುವವನು ತನ್ನ ಪಟ್ಟಿಯಲ್ಲಿದ್ದ ಮೀನುಗಳ ಹೆಸರುಗಳನ್ನು ಒಂದೊಂದಾಗಿ ಹೇಳತೊಡಗಿದಾಗ ನಾನು ತಡೆಯಲಾರದೆ ಎದ್ದು ನಿಂತು, ನಾವು ಸಸ್ಯಾಹಾರಿಗಳು, ಶುದ್ಧ ಸಸ್ಯಾಹಾರಿಗಳು, ನಮ್ಮ ಮುತ್ತಜ್ಜನ ಕಾಲದಿಂದಲೂ ರಕ್ತಮಾಂಸ ಮುಟ್ಟಿದವರಲ್ಲ ಎಂದು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಸಾರಿದೆ. ನನ್ನ ಧ್ವನಿ ತೋಟದ ಧ್ವನಿ. ಮೂಲೆಯಿಂದ ಮೂಲೆಗೆ ಕೇಳುತ್ತದೆ.

ಇಡೀ ಹೋಟೆಲು ಒಮ್ಮೆಲೇ ಮೌನವಾಗಿ, ಆಮೇಲೆ ಒಮ್ಮೆಲೇ ಚಪ್ಪಾಳೆ ತಟ್ಟಿತು.

ಮಗಳು ತಲೆ ಮೇಜಿಗೆ ಇಟ್ಟುಕೊಂಡಳು. ವಿಷಯ ಏನೆಂದರೆ, ಕಥೆಯ ಎಡ್ವರ್ಡ್ ಮನೆಯವರು ಮನುಷ್ಯರ ರಕ್ತ ಬಿಟ್ಟು ಕಾಡುಪ್ರಾಣಿಗಳ ರಕ್ತದಲ್ಲಿ ಜೀವ ಹಿಡಿದವರು. ನಾವು ಸೋಯಾ ಹಾಲಿನಲ್ಲಿ ಕಾಫಿ ಮಾಡಿಕೊಂಡು ಬದುಕುವಂತೆ, ತೃಪ್ತಿಯಿಲ್ಲದ ಊಟ. ತಮ್ಮನ್ನು ತಾವೇ ‘ಸಸ್ಯಾಹಾರಿಗಳು’ ಎಂದು ಕರೆದುಕೊಳ್ಳುತ್ತಾರೆ. ಅದು ಆ ಮನೆಯೊಳಗಿನ ತಮಾಷೆ. ಓದುಗರು ಅದನ್ನು ತಮ್ಮ ಮನೆಯ ತಮಾಷೆ ಮಾಡಿಕೊಂಡಿದ್ದಾರೆ. ಪಕ್ಕದ ಮೇಜಿನಲ್ಲಿ ಆರೇಳು ಹೆಂಗಸರು. ಒಬ್ಬಳು ಹೊಂಬಣ್ಣದ ಮಸೂರ ಹಾಕಿಕೊಂಡಿದ್ದಳು. ಅವಳು ನನ್ನ ಕಡೆ ಬಾಗಿ, ಬೆಟ್ಟಸಿಂಹವೋ ಕರಡಿಯೋ ಎಂದು ಕೇಳಿದಳು. ಎಡ್ವರ್ಡ್‌ಗೆ ಸಿಂಹ ಇಷ್ಟ, ಅವನ ಅಣ್ಣನಿಗೆ ಕರಡಿ ಇಷ್ಟ ಎಂಬುದು ಆಗ ನನಗೆ ಗೊತ್ತಿಲ್ಲ. ನಾನು ಅನ್ನ ಸಾರು ಎಂದೆ. ಮತ್ತೆ ಚಪ್ಪಾಳೆ.

ಆಗ ಅವಳು ನನ್ನ ಮುಖವನ್ನು ಸರಿಯಾಗಿ ನೋಡಿದಳು. ನಗು ನಿಂತಿತು. “ಆದರೆ ಕಣ್ಣು ಕೆಂಪಾಗಿದೆಯಲ್ಲ!”

ಆ ಶಾಸ್ತ್ರದಲ್ಲಿ ಇದು ಸಣ್ಣ ಮಾತಲ್ಲ. ಪ್ರಾಣಿರಕ್ತ ಕುಡಿದವರ ಕಣ್ಣು ಹೊಂಬಣ್ಣ, ಮನುಷ್ಯರ ರಕ್ತ ಕುಡಿದವರದು ಕೆಂಪು. ಕಣ್ಣಿನಲ್ಲಿ ನರಭಕ್ಷಣೆಯ ಗುರುತು ಇಟ್ಟುಕೊಂಡು ಬಾಯಲ್ಲಿ ಮುತ್ತಜ್ಜನ ಕಾಲದ ಸಸ್ಯಾಹಾರ ಹೇಳುವವನು ಎಂಥ ಮನುಷ್ಯ? ಅಲ್ಲಿಂದ ಆ ಮೇಜಿನಲ್ಲಿ ಶುರುವಾದದ್ದು ತರ್ಕ. ನಾನು ನಮ್ಮ ಕಡೆಯ ಮಠಗಳಲ್ಲಿ ವಿದ್ವಾಂಸರ ವಾಗ್ವಾದ ಕೇಳಿದ್ದೇನೆ. ಅಷ್ಟೇ ಬಿಸಿ, ಅಷ್ಟೇ ಸೂಕ್ಷ್ಮ. ಸುಳ್ಳು ಹೇಳುತ್ತಿದ್ದಾನೆ ಎಂದು ಒಂದು ಪಕ್ಷ. ವ್ರತ ಮುರಿದು ನಿನ್ನೆ ಒಬ್ಬನನ್ನು ಮುಗಿಸಿದ್ದಾನೆ ಎಂದು ಇನ್ನೊಂದು. ಕೊನೆಗೆ ಬಿಳಿಕೂದಲಿನ ಒಬ್ಬಾಕೆ ಕೈಯೆತ್ತಿ ಸಿದ್ಧಾಂತ ಮಾಡಿದಳು: ಹೊಸದಾಗಿ ವ್ಯಾಂಪೈರ್ ಆದವರ ಕಣ್ಣು, ಏನೇ ಕುಡಿಯಲಿ, ಮೊದಮೊದಲು ಕೆಂಪಾಗಿಯೇ ಇರುತ್ತದೆ, ತಿಂಗಳುಗಟ್ಟಲೆ ಪಥ್ಯ ಮಾಡಿದ ಮೇಲೆ ಹೊಂಬಣ್ಣಕ್ಕೆ ತಿರುಗುವುದು. ಆದ್ದರಿಂದ ಇವನು ‘ನವಜಾತ’. ಅರವತ್ತನಾಲ್ಕು ವರ್ಷದ, ಮಂಡಿನೋವಿನ ನವಜಾತನ ಜೊತೆ ಅವರೆಲ್ಲ ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡರು. ಮೆಣಸಿನಕಾಯಿ ಎಂಬ ಸತ್ಯವನ್ನು ನಾನು ಎರಡು ಸಲ ಹೇಳಿದೆ. ಅದಕ್ಕೆ ಶಾಸ್ತ್ರಾಧಾರವಿರಲಿಲ್ಲ, ಯಾರೂ ಒಪ್ಪಲಿಲ್ಲ.

ಬಿಳಿಕೂದಲಿನಾಕೆಯೇ ನನ್ನ ಮೀಸೆ ನೋಡಿ “ಚಾರ್ಲಿ!” ಎಂದಳು. ಚಾರ್ಲಿ ಎಂದರೆ ಬೆಲ್ಲಾಳ ತಂದೆ. ಫೋರ್ಕ್ಸ್‌ನ ಪೊಲೀಸ್ ಮುಖ್ಯಸ್ಥ. ಮೀನು ಹಿಡಿಯುತ್ತಾನೆ, ಟಿವಿ ನೋಡುತ್ತಾನೆ, ತನ್ನ ಮನೆಯಲ್ಲಿ ಏನು ನಡೆಯುತ್ತಿದೆ ಎಂಬುದು ಅವನೊಬ್ಬನಿಗೆ ಗೊತ್ತಿಲ್ಲ. ಕೊನೆಗೆ ಎಲ್ಲವೂ ಎದುರಿಗೇ ಬಂದು ನಿಂತಾಗಲೂ, ಎಷ್ಟು ಬೇಕೋ ಅಷ್ಟು ಮಾತ್ರ ಹೇಳಿ, ಹೆಚ್ಚು ಬೇಡ ಎನ್ನುತ್ತಾನೆ. ಇದನ್ನು ಕೇಳಿದ ಮೇಲೆ ನನಗೆ ಮೊದಲ ಸಲ ಆ ಪುಸ್ತಕದ ಮೇಲೆ ಗೌರವ ಬಂತು. ಟೀಮ್ ಚಾರ್ಲಿ ಎಂಬ ಪಕ್ಷವೂ ಉಂಟಂತೆ. ಸೇರಿಕೊಂಡೆ.

ಫೋರ್ಕ್ಸ್‌ನಲ್ಲಿ ಬೆಲ್ಲಾಳ ಹಳೆಯ ಕೆಂಪು ಟ್ರಕ್ಕಿನಂಥದ್ದನ್ನು ನಿಲ್ಲಿಸಿದ್ದಾರೆ. ಆದರೆ ಸಿನಿಮಾದ ಚಿತ್ರೀಕರಣ ಹೆಚ್ಚಾಗಿ ನಡೆದದ್ದು ಪಕ್ಕದ ಓರೆಗಾನ್ ರಾಜ್ಯದಲ್ಲಿ. ಆದ್ದರಿಂದ ಇಲ್ಲಿ ಯಾವುದೂ ಸಿನಿಮಾದಂತಿಲ್ಲ, ಭಕ್ತರಿಗೆ ಅದರ ಚಿಂತೆಯೂ ಇಲ್ಲ. ಸಿನಿಮಾದ ಉಡುಪುಗಳನ್ನೂ ವಸ್ತುಗಳನ್ನೂ ಇಟ್ಟ ಸಂಗ್ರಹದಲ್ಲಿ ಒಂದು ಯಂತ್ರಶಿಶುವಿದೆ. ಬೆಲ್ಲಾಳ ಮಗಳು ರೆನೆಸ್ಮಿಯ ಪಾತ್ರಕ್ಕೆಂದು ಮಾಡಿದ ಗೊಂಬೆ. ನೋಡಿದವರು ಬೆಚ್ಚಿದ್ದರಿಂದ ಸಿನಿಮಾದಲ್ಲಿ ಬಳಸಲಿಲ್ಲ. ಕೊಲೆಗಡುಕ ಗೊಂಬೆ ಚಕ್ಕಿಯ ಹೆಸರು ಸೇರಿಸಿ ಇದನ್ನು ‘ಚಕೆಸ್ಮಿ’ ಎನ್ನುತ್ತಾರೆ. ರೆನೆಸ್ಮಿ ಎಂಬುದೇ ಇಬ್ಬರು ಅಜ್ಜಿಯರಾದ ರೆನೆ ಮತ್ತು ಎಸ್ಮಿಯ ಹೆಸರು ಕೂಡಿಸಿ ಇಟ್ಟದ್ದು. ಇದಕ್ಕೆ ಎಲ್ಲರೂ ನಗುತ್ತಾರೆ, ಯಾಕೆಂದು ನನಗೆ ತಿಳಿಯಲಿಲ್ಲ. ಅಜ್ಜಿಯರ ಹೆಸರಿಡುವುದರಲ್ಲಿ ನಗುವಂಥದ್ದೇನಿದೆ? ಹುಟ್ಟಿದ ಮಗುವಿಗೆ ಜೇಕಬನೇ ಗಂಡು ಎಂದು ವಿಧಿ ಆಗಲೇ ಗಂಟು ಹಾಕಿಬಿಡುತ್ತದೆ, ‘ಇಂಪ್ರಿಂಟ್’ ಎನ್ನುತ್ತಾರೆ. ಇದಕ್ಕೆ ಭಕ್ತರೂ ಮುಖ ಮುಚ್ಚಿಕೊಳ್ಳುತ್ತಾರೆ. “ನಮ್ಮ ಅಜ್ಜಿಯದೂ ತೊಟ್ಟಿಲಲ್ಲೇ ಗೊತ್ತಾದ ಮದುವೆ. ಸಾಯುವವರೆಗೂ ಅದನ್ನು ಬೈಯುತ್ತಲೇ ಇದ್ದಳು” ಎಂದಳು ನನ್ನ ಹೆಂಡತಿ. ಗೊಂಬೆಯನ್ನು ಬಹಳ ಹೊತ್ತು ನೋಡಿ, “ಈ ಮಗುವಿಗೆ ಯಾರ ದೃಷ್ಟಿಯೂ ತಾಗುವುದಿಲ್ಲ, ಇದರ ದೃಷ್ಟಿ ನಮಗೆ ತಾಗದಿದ್ದರೆ ಸಾಕು” ಎಂದು ತೀರ್ಪು ಕೊಟ್ಟಳು. ಮನೆಗೆ ಮರಳಿದ ರಾತ್ರಿ ಉಪ್ಪು ಮೆಣಸಿನಕಾಯಿ ನಿವಾಳಿಸಿದ್ದೂ ಆಯಿತು. ಹೊಗೆಯ ಗಂಟೆ ಹೊಡೆದುಕೊಂಡು ಪಕ್ಕದ ಮನೆಯವರು ಬಾಗಿಲಿಗೆ ಬಂದದ್ದನ್ನು ಇಲ್ಲಿ ಬೆಳೆಸುವುದಿಲ್ಲ.

ಸಂಜೆ ಲಾ ಪುಶ್ ಕಡಲತೀರಕ್ಕೆ ಹೊರಟೆವು. ಅದು ಕ್ವಿಲ್ಯೂಟ್ ಎಂಬ ಮೂಲನಿವಾಸಿಗಳ ನೆಲ. ಕಥೆಯಲ್ಲಿ ಜೇಕಬನೂ ಅವನ ತೋಳದ ಬಳಗವೂ ಇವರೇ, ವ್ಯಾಂಪೈರ್‌ಗಳು ಈ ನೆಲಕ್ಕೆ ಕಾಲಿಡಬಾರದೆಂದು ಇಬ್ಬರ ನಡುವೆ ಒಪ್ಪಂದ. ದಾರಿಯಲ್ಲಿ ‘ಒಪ್ಪಂದದ ಗಡಿ, ಇಲ್ಲಿಂದ ಮುಂದೆ ವ್ಯಾಂಪೈರ್‌ಗಳಿಗೆ ಪ್ರವೇಶವಿಲ್ಲ’ ಎಂಬರ್ಥದ ಬೋರ್ಡು. ಮಗಳ ಗೆಳತಿ ಕಾರು ನಿಲ್ಲಿಸಿ ನನ್ನನ್ನು ಇಳಿಯಲು ಹೇಳಿದಳು. ಗಡಿಯ ಈಚೆ ನಾನೊಬ್ಬ, ಆಚೆ ನನ್ನ ಕುಟುಂಬ, ಚಿತ್ರಾನ್ನ ಅವರ ಕಡೆ. ಫೋಟೋ ಮುಗಿದ ಮೇಲೆ ಸೇರಿಸಿಕೊಂಡರು.

ಆ ತೀರದಲ್ಲಿ ಮಾತ್ರ ಹುಡುಗಿಯರ ಧ್ವನಿ ತಗ್ಗಿತು. ಕ್ವಿಲ್ಯೂಟರ ಹಳೆಯ ಕಥೆಯಲ್ಲಿ ಅವರು ತೋಳಗಳಿಂದ ಮನುಷ್ಯರಾದವರು. ವ್ಯಾಂಪೈರ್‌ಗಳು ಎಲ್ಲೂ ಇಲ್ಲ, ಅವು ಪುಸ್ತಕ ತಂದು ಇಳಿಸಿದವು. ಸುನಾಮಿ ಬಂದರೆ ಕೊಚ್ಚಿಹೋಗುವ ಆ ಹಳ್ಳಿಯನ್ನು ಎತ್ತರಕ್ಕೆ ಸಾಗಿಸಲು 2012ರಲ್ಲಿ ಕಾನೂನು ಮಾಡಿ ಜಾಗ ಬಿಟ್ಟುಕೊಟ್ಟರು. ಭಕ್ತರಲ್ಲಿ ತಿಳಿದವರು ಆ ಕೆಲಸಕ್ಕೆ ಹಣ ಕೊಡಿ ಎಂದು ಒಬ್ಬರಿಗೊಬ್ಬರು ಹೇಳುತ್ತಾರೆ. ಮಗಳು ಕೊಟ್ಟಿದ್ದಳು. ನನಗೆ ಹೇಳಿರಲಿಲ್ಲ. ಟೀಮ್ ಚಾರ್ಲಿಯವರಿಗೆ ಯಾರು ತಾನೇ ಏನು ಹೇಳುತ್ತಾರೆ.

ಊರಿಗೆ ಬಂದು ತಿಂಗಳುಗಳಾದವು. ಮೊನ್ನೆ ಜೂನ್ ಮಳೆಯಲ್ಲಿ ತೋಟದಿಂದ ಮರಳಿ ಜಗಲಿಯಲ್ಲಿ ಕುಳಿತಾಗ ಹಿಮ್ಮಡಿಯ ಮೇಲೆ ಒಂದು ಇಂಬಳ, ಕುಡಿದು ಕುಡಿದು ಅಡಿಕೆಯಷ್ಟು ದಪ್ಪವಾಗಿತ್ತು. ಕೀಳುವ ಬದಲು ಫೋಟೋ ತೆಗೆದು ಮಗಳಿಗೆ ಕಳಿಸಿದೆ. ಅವಳು ಗೆಳತಿಯರಿಗೆ ತೋರಿಸಿರಬೇಕು. ಐದು ನಿಮಿಷದಲ್ಲಿ ಪ್ರಶ್ನೆ ಬಂತು: ಕಣ್ಣಿನ ಬಣ್ಣ ಯಾವುದು?

ಇಂಬಳಕ್ಕೆ ಐದು ಜೊತೆ ಕಣ್ಣು ಎಂದು ಓದಿದ್ದೆ. ಕನ್ನಡಕ ಹಾಕಿಕೊಂಡು, ಕಾಲನ್ನು ಮುಖದ ಹತ್ತಿರ ಎಷ್ಟು ಬರುತ್ತದೋ ಅಷ್ಟು ಎಳೆದುಕೊಂಡು ಹುಡುಕುತ್ತಿದ್ದೆ. ಹೆಂಡತಿ ಉಪ್ಪಿನ ಮರಿಗೆ ಹಿಡಿದು ಪಕ್ಕದಲ್ಲಿ ನಿಂತಿದ್ದಳು.

“ಅದರ ಮುಖ ನೋಡಿ ಏನಾಗಬೇಕು ನಿಮಗೆ?”

“ಸ್ವಲ್ಪ ತಾಳು” ಎಂದೆ, “ಸಸ್ಯಾಹಾರಿಯೋ ಏನೋ.”